ಹಸನ್ ಸಾಬರ ಎಡಗಿವಿ

ಮೊದಲ ಬಸ್ಸು ಮಾಗಳದಲ್ಲಿ ಇಳಿಸಿ ಹೋದಾಗ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಹಸನ್ ಸಾಬರು ಸಾಮಾನಿನ ಚೀಲವನ್ನು ಹೆಗಲಿಗೇರಿಸಿ, ಹಿಂದೆಯೇ ಇಳಿದ ಹೆಂಡತಿಯನ್ನು ನೋಡಿ ಮುಖ ಸಿಂಡರಿಸಿದರು. ಎಂಜಿನ್ ರಿಪೇರಿಗೆ ಹೊರಟ ಗಂಡಸಿನ ಹಿಂದೆ ಹೆಂಡತಿ ಬರುವುದೆಂದರೇನು? ಇಷ್ಟು ವರ್ಷ ಆಗದಿದ್ದುದು ಇವತ್ತೇ ಆಗಬೇಕಿತ್ತೆ? ಬೇಡವೆಂದು ಹಡಗಲಿಯ ಬಸ್‌ಸ್ಟ್ಯಾಂಡಿನಲ್ಲೇ ಸಾರಿ ಸಾರಿ ಹೇಳಿದ್ದರು. ಹೇಳಿದ್ದನ್ನು ಕೇಳುವ ಪೈಕಿಯೇ ಮಹಬೂಬ್ ಬೀ?

"ಹೊಳಿ ದಂಡಿಗೆ ಹೊನಗೊನಿ ಸೊಪ್ಪು ಭಾಳ ಬಂದೈತಂತ," ಅಂದಳು ಆಕೆ, ಕೈಚೀಲ ಕೊಡವುತ್ತ. "ಬ್ಯಾಸಗಿ ಹೂವು ನೋಡಿ ಯಾ ಕಾಲ ಆತು. ನಿಮ್ಮ ಎಂಜಿನ್ನನ್ನೇನು ನಾನು ಹೊತ್ಕೊಂಡು ಹೋಗ್ತೀನೇನ್ರಿ?"

"ಬಿಸಲಾಗ ಸುಸ್ತಾತು ಅಂತ ಮತ್ತ ನನ್ನ ಮುಂದ ಅಳಬ್ಯಾಡ."

"ಅಳೋದಾದ್ರ ನಿಮ್ಮ ಮುಂದ ಅಳ್ತೀನೇನು? ಅದಕ್ಕ ಬ್ಯಾರೆ ಜಾಗ ಅದಾವ. ನಡೀರಿ ಮುಂದ."

ನೀಲಗುಂದದಲ್ಲಿ ಹುಟ್ಟಿ ಬೆಳೆದ ಹೆಣ್ಣು. ಅಲ್ಲಿ ಅಕ್ಕಪಕ್ಕದ ಮನೆಯವರೊಡನೆ ಕಲಿತ ಕನ್ನಡವೇ ಅವಳ ನಾಲಿಗೆಗೆ ಹತ್ತಿದ್ದು. ಜಗಳಕ್ಕಂತೂ ಅದೇ ಬೇಕು. ಹಸನ್ ಸಾಬರಿಗೂ ಮದುವೆಯಾದ ಮೇಲೆ ಮನೆಯಲ್ಲಿ ಕನ್ನಡವೇ ರೂಢಿಯಾಗಿಹೋಗಿತ್ತು. ಅವರು ಹೊಳೆಯ ಕಡೆ ಹೆಜ್ಜೆ ಹಾಕಿದರು.

ನಿಜ ಹೇಳಬೇಕೆಂದರೆ ಅವರ ಸಿಟ್ಟು ಹೆಂಡತಿಯ ಮೇಲಲ್ಲ. ಅವರಿಗೆ ಹೆದರಿಕೆ ಹತ್ತಿತ್ತು. ಗಂಡಸರ ಹೆದರಿಕೆ ಹೊರಗೆ ಬರುವಾಗ ಸಿಟ್ಟಿನ ಅಂಗಿ ತೊಟ್ಟೇ ಬರುವುದು, ಏನು ಮಾಡುವುದು.

ಹಡಗಲಿಯಲ್ಲಿ ಅವರದು ಡೀಸೆಲ್ ಪಂಪುಗಳ ರಿಪೇರಿ ಅಂಗಡಿ. ಸುತ್ತಲ ಹಳ್ಳಿಗಳಲ್ಲಿ ಅವರ ಹೆಸರಿದ್ದದ್ದು ಕೈಗಿಂತ ಹೆಚ್ಚಾಗಿ ಕಿವಿಗೆ. "ಹಸನ್ ಸಾಬ್ರು ಕಿವಿ ಇಟ್ರ ಎಂಜಿನ್ನು ತಾನಾಗೇ ಬಾಯಿ ಬಿಡ್ತೈತಿ" ಎಂದು ಜನ ಹೇಳುತ್ತಿದ್ದರು. ಅವರ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇತ್ತು. ಅದರ ಮರದ ಹಿಡಿಯ ತುದಿಯನ್ನು ಕಿವಿಯ ತೂತಿಗೆ ಸರಿಯಾಗಿ ಕೂರುವಂತೆ ತಾವೇ ಹೆರೆದು ಸಪೂರ ಮಾಡಿಕೊಂಡಿದ್ದರು. ಓಡುತ್ತಿರುವ ಎಂಜಿನ್ನಿಗೆ ಕಬ್ಬಿಣದ ಮೊನೆ, ಎಡಗಿವಿಯೊಳಗೆ ಮರದ ತುದಿ. ಕಣ್ಣು ಮುಚ್ಚಿ ಇಷ್ಟು ಹೊತ್ತು ನಿಂತರೆ ಸಾಕು, ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವು ಸಡಿಲಾಗಿದೆ ಎಂದು ಒಂದು ನಟ್ಟೂ ಬಿಚ್ಚದೆ ಹೇಳಿಬಿಡುತ್ತಿದ್ದರು. ಬಲಗಿವಿಗೆ ಆ ವಿದ್ಯೆ ಇರಲಿಲ್ಲ. ಅದು ಬರೀ ಮಾತು ಕೇಳುವ ಕಿವಿ.

ಅಂಥ ಎಡಗಿವಿ ಬಕ್ರೀದ್ ಆದಂದಿನಿಂದ ಮುಚ್ಚಿಕೊಂಡುಬಿಟ್ಟಿತ್ತು. ಮೊದಲು ಒಂದು ಗುಂಯ್ ಶಬ್ದ, ಆಮೇಲೆ ಅದೂ ಇಲ್ಲ. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗಿ ಏನು ಕೇಳಬೇಕಿತ್ತು? ಅವರಿಗೆ ಕೆಲಸ ಕಲಿಸಿದ ಉಸ್ತಾದರು ಇದೇ ವಯಸ್ಸಿಗೆ ಕಿವುಡಾಗಿದ್ದರು. ಬದುಕೆಲ್ಲ ಎಂಜಿನ್ನಿನ ಪಕ್ಕದಲ್ಲೇ ಕಳೆದವರಿಗೆ ಕೊನೆಗೆ ಬರುವ ಕಾಯಿಲೆಯೇ ಅದು. ಕೊನೆಕೊನೆಗೆ ಉಸ್ತಾದರು ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಎಲ್ಲರ ಬಾಯಿ ನೋಡುತ್ತ, ಎಲ್ಲದಕ್ಕೂ ನಗುತ್ತಿದ್ದರು. ಆ ನಗು ಹಸನ್ ಸಾಬರ ಕಣ್ಣಿಗೆ ಕಟ್ಟಿದಂತಿತ್ತು. ಡಾಕ್ಟರು "ವಯಸ್ಸಾತು ಸಾಬ್ರೆ" ಅಂದರೆ ಮುಗಿಯಿತಲ್ಲ. ಅನ್ನುವ ತನಕವಾದರೂ ಆಸೆ ಇರಲಿ ಎಂದು ಸುಮ್ಮನಿದ್ದರು. ಹೆಂಡತಿಗೂ ಹೇಳಿರಲಿಲ್ಲ.

ಹೋದ ತಿಂಗಳು ಕೊಟ್ಟೂರಿನ ಕಡೆಯ ಒಬ್ಬರ ಎಂಜಿನ್ನಿಗೆ ಬಲಗಿವಿ ಇಟ್ಟು, ಏನೋ ಕೇಳಿದಂತೆ ಮಾಡಿ, ಕ್ರ್ಯಾಂಕಿನ ಬೇರಿಂಗ್ ಹೋಗಿದೆ ಅಂದುಬಿಟ್ಟರು. ಇಡೀ ಎಂಜಿನ್ ಬಿಚ್ಚಿ ಹರವಿದರೆ ಬೇರಿಂಗ್ ಹೊಸದರ ಹಾಗಿತ್ತು. ಅಲ್ಲಿ ನೆರೆದವರು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಈಗ ಮಾಗಳದ ಉಜ್ಜಿನಪ್ಪ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಕರೆಸಿದ್ದ. ಹೊಳೆದಂಡೆಯ ಅವನ ಎಂಜಿನ್ನು ಟಕಟಕ ಬಡಿಯುತ್ತಿದೆಯಂತೆ. ದಾವಣಗೆರೆಯಿಂದ ಬಂದವನೊಬ್ಬ ಎಂಜಿನ್ ಸತ್ತಿತು, ಹೊಸದು ತರಬೇಕು ಅಂದು ಹೋಗಿದ್ದಾನಂತೆ. "ಹಸನ್ ಸಾಬ್ರು ಕಿವಿ ಇಟ್ಟು ಹೇಳ್ಲಿ, ಆಮ್ಯಾಲ ನೋಡೋಣು ಅಂತ ಕುಂತೀನ್ರಿ" ಅಂದಿದ್ದ. ಇವತ್ತೂ ಮಾತು ತಪ್ಪಾದರೆ ಅಂಗಡಿಯ ಬಾಗಿಲು ಎಳೆದುಬಿಡುವುದೆಂದು ಹಸನ್ ಸಾಬರು ನಿರ್ಧಾರ ಮಾಡಿದ್ದರು. ಉಸ್ತಾದರ ಹಾಗೆ ಸ್ಟೂಲಿನ ಮೇಲೆ ಕೂತು ನಗುವುದಕ್ಕೆ ಅವರು ತಯಾರಿರಲಿಲ್ಲ.

ಊರು ದಾಟಿ ದಿಬ್ಬ ಇಳಿದರೆ ಹೊಳೆಯ ಹರವು. ಬೇಸಿಗೆಯಲ್ಲಿ ತುಂಗಭದ್ರೆ ಆಚೆ ದಡಕ್ಕೆ ಸರಿದುಕೊಂಡು, ಈಚೆಗೆ ದೊಡ್ಡ ಬಯಲನ್ನೇ ಬಿಟ್ಟುಕೊಟ್ಟಿರುತ್ತದೆ. ಮಳೆಗಾಲದಲ್ಲಿ ಆಳುದ್ದ ನೀರು ನಿಲ್ಲುವ ಜಾಗದಲ್ಲಿ ಈಗ ಪಾದ ಮುಳುಗುವಷ್ಟು ಹಸಿರು ಹುಲ್ಲು. ನೀರು ಹಿಂದೆ ಸರಿದಂತೆಲ್ಲ ರೈತರು ಎಂಜಿನ್ನನ್ನು ಬಂಡಿಗೆ ಹೇರಿ ನೀರಿನ ಬೆನ್ನು ಹತ್ತುತ್ತಾರೆ. ಹಾಗಾಗಿ ಉಜ್ಜಿನಪ್ಪನ ಎಂಜಿನ್ನು ಈಗ ಬಯಲಿನ ಆ ತುದಿಯಲ್ಲಿತ್ತು. ಅಲ್ಲಿಯವರೆಗೂ ನಡಿಗೆ. ಹಸನ್ ಸಾಬರಿಗೆ ಈ ಬಯಲು ಮುಗಿಯದಿದ್ದರೆ ಸಾಕಾಗಿತ್ತು.

ಮಹಬೂಬ್ ಬೀಗೆ ಮಾತ್ರ ಹಬ್ಬ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. "ಅಲ್ಲಿ ನೋಡ್ರಿ, ವಿಷ್ಣುಕ್ರಾಂತಿ! ಎಷ್ಟು ನೀಲಿ ಐತಿ ನೋಡ್ರಿ!" ಎಂದು ಕೂತಳು. ಸೂಜಿಮಲ್ಲಿಗೆಗಿಂತ ಚಿಕ್ಕ ನೀಲಿ ಹೂಗಳು ಹುಲ್ಲಿನ ನಡುವೆ ನೆಲಕ್ಕೆ ಅಂಟಿಕೊಂಡು ಆಗತಾನೇ ಅರಳುತ್ತಿದ್ದವು. ನಾಲ್ಕು ಹೆಜ್ಜೆ ಹೋದರೆ ಮರಳು ಕಂಡಲ್ಲೆಲ್ಲ ನೆಗ್ಗಿಲ ಬಳ್ಳಿ ಹಳದಿ ಹೂ ಹೊತ್ತಿತ್ತು. "ಬರಿಗಾಲಿಲೆ ತುಳಿದೀ, ಮುಳ್ಳು ಚುಚ್ಚೀತು" ಎಂದು ಹಸನ್ ಸಾಬರು ಎಚ್ಚರಿಸುವಷ್ಟರಲ್ಲಿ ಆಕೆ ಮುಟ್ಟಿದರೆ ಮುನಿಯ ಪೊದೆಗೆ ಕೈ ಹಾಕಿ, ಎಲೆಗಳು ಮುದುಡುವುದನ್ನು ನೋಡಿ ನಗುತ್ತಿದ್ದಳು. ಅದರ ಗುಲಾಬಿ ಬಣ್ಣದ ಗೊಂಡೆಯಂಥ ಹೂವೊಂದನ್ನು ಕಿತ್ತು, ಅತ್ತಿತ್ತ ನೋಡಿ, ಜಡೆಗೆ ಸಿಕ್ಕಿಸಿಕೊಂಡಳು. ಐವತ್ತು ದಾಟಿದ ಹೆಂಗಸು! ಹಸನ್ ಸಾಬರು ನೋಡಿಯೂ ನೋಡದವರಂತೆ ಮುಂದೆ ನಡೆದರು.

ಹೊಳೆಯ ಮೇಲೆ ಹಳದಿ ಕೊಕ್ಕಿನ ಬಿಳಿ ಹಕ್ಕಿಗಳು ಹಾರುತ್ತಿದ್ದವು. ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು, ಕಲ್ಲು ಬಿದ್ದ ಹಾಗೆ ನೀರಿಗೆ ಬಿತ್ತು. ಬಂಡೆಯ ಮೇಲೆ ಎರಡು ನೀರುನಾಯಿಗಳು ಮೈ ಒರೆಸಿಕೊಳ್ಳುವಂತೆ ಹೊರಳಾಡುತ್ತಿದ್ದವು.

"ಕೇಳ್ರಿ, ಹೆಂಗ ಸೀಟಿ ಹೊಡದಂಗ ಒದರ್ತಾವ!" ಅಂದಳು ಮಹಬೂಬ್ ಬೀ.

"ಹೂಂ, ಹೂಂ," ಅಂದರು ಹಸನ್ ಸಾಬರು. ಅಷ್ಟು ದೂರದ ಸದ್ದು ಅವರ ಒಂದು ಕಿವಿಗೆ ಕೇಳಿಸಲಿಲ್ಲ. ಬಲಗಿವಿಗೆ ಅಂಗೈ ಮುಚ್ಚಿ ಎಡಗಿವಿಯನ್ನು ಹೊಳೆಯ ಕಡೆ ತಿರುಗಿಸಿ ನೋಡಿದರು. ಎಡಗಡೆಯ ಲೋಕವೆಲ್ಲ ದುಪಟಿ ಹೊದ್ದು ಮಲಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಕಿವಿಯನ್ನು ಎಂಜಿನ್ನಿಗೆ ಇಡಬೇಕು.

ಇನ್ನೊಂದನ್ನೂ ಅವರು ಕೆಲವು ದಿನಗಳಿಂದ ಗಮನಿಸಿದ್ದರು. ಈ ಹೆಂಗಸು ನಡೆಯುವಾಗೆಲ್ಲ ಅವರ ಎಡಕ್ಕೇ ಬರುತ್ತಿದ್ದಳು. ಏನಾದರೂ ಹೇಳಬೇಕಾದರೆ ಬಲಕ್ಕೆ ಬಂದು ಹೇಳಿ, ಮತ್ತೆ ಎಡಕ್ಕೆ ಸರಿದು ಸುಮ್ಮನಾಗುತ್ತಿದ್ದಳು. ಮೊದಲು ಹೀಗಿರಲಿಲ್ಲ. ಹಡಗಲಿಯ ಬೀದಿ ಮುಗಿಯುವವರೆಗೂ ಅವಳ ಬಾಯಿ ಮುಗಿಯುತ್ತಿರಲಿಲ್ಲ. ತನ್ನ ಮೇಲೆ ಮುನಿಸೋ, ಅವಳಿಗೂ ವಯಸ್ಸಾಯಿತೋ ಎಂದು ಹಸನ್ ಸಾಬರು ಅಂದುಕೊಂಡಿದ್ದರು. ಕೇಳಲು ಹೋದರೆ ತಮ್ಮ ಗುಟ್ಟು ಹೊರಬಿದ್ದೀತೆಂದು ಕೇಳಿರಲಿಲ್ಲ.

ಬಯಲಿನ ನಡುವೆ ಒಂದು ಕಡೆ ನೀರಿನ ಸಣ್ಣ ಕವಲು ಒಳಕ್ಕೆ ಚಾಚಿ ನಿಂತಿತ್ತು. ಅದರ ಅಂಚಿಗೆ ಹೊನಗೊನೆ ಸೊಪ್ಪು ಹಾಸಿದಂತೆ ಬೆಳೆದು, ಎಲೆಯ ಬುಡಬುಡಕ್ಕೆ ಅಕ್ಕಿ ನುಚ್ಚಿನಷ್ಟು ಬಿಳಿ ಹೂ ಬಿಟ್ಟಿತ್ತು. ಮಹಬೂಬ್ ಬೀ ಅದನ್ನು ಕಂಡದ್ದೇ ಗಂಡನನ್ನು ಮರೆತಳು. "ನೀವು ಹಂಗ ನಡೀತಿರ್ರಿ, ಬಂದೆ" ಎಂದು ಕೂತು ಚಿವುಟತೊಡಗಿದಳು.

ಹಸನ್ ಸಾಬರು ಒಬ್ಬರೇ ಕವಲಿನ ಇನ್ನೊಂದು ಬದಿಗೆ ಸುತ್ತಿ ಬಂದರು. ತಲೆಯಲ್ಲಿ ಎಂಜಿನ್ನು, ಉಜ್ಜಿನಪ್ಪ, ಸ್ಟೂಲು. ಆಗ ಎಲ್ಲಿಂದಲೋ ಟಿಟ್ಟಿಭವೊಂದು ಬಾಯಿ ಹರಿದುಕೊಂಡು ಕೂಗತೊಡಗಿತು. ಅಷ್ಟು ದೊಡ್ಡ ಕೂಗು ಬಲಗಿವಿಗೆ ಕೇಳಿಸಿತು, ಸರಿ. ಆದರೆ ಒಂದೇ ಕಿವಿಯಲ್ಲಿ ಕೇಳಿದರೆ ಕೂಗು ಎತ್ತ ಕಡೆಯದೆಂದು ತಿಳಿಯುವುದಿಲ್ಲ. ಎಲ್ಲವೂ ಬಲಗಡೆಯಿಂದಲೇ ಬಂದಂತೆ. ಬಲಗಡೆ ಗೂಡಿರಬೇಕೆಂದು ಸಾಬರು ಎಡಕ್ಕೆ ಸರಿದರು. ಗೂಡು ಇದ್ದದ್ದೇ ಎಡಕ್ಕೆ. ಹಕ್ಕಿ ಮತ್ತಷ್ಟು ಅರಚಿತು. ಸಾಬರು ಮತ್ತಷ್ಟು ಎಡಕ್ಕೆ ಸರಿದರು. ಕಾಲಿನ ಬುಡದಲ್ಲಿ, ಬೆಣಚುಕಲ್ಲುಗಳ ನಡುವೆ, ಮಣ್ಣಿನ ಬಣ್ಣದ ಚುಕ್ಕೆ ಚುಕ್ಕೆ ಮೊಟ್ಟೆಗಳು ಕಂಡದ್ದೂ, ಎಡಗಡೆಯಿಂದ ಹಕ್ಕಿ ಅವರ ಟೋಪಿಗೆ ರೆಕ್ಕೆ ಬಡಿದದ್ದೂ ಒಟ್ಟಿಗೇ ಆಯಿತು. ಎತ್ತಿದ ಕಾಲನ್ನು ಊರುವುದಕ್ಕೆ ಜಾಗವಿಲ್ಲದೆ ಹಸನ್ ಸಾಬರು ಹಿಂದಕ್ಕೆ ಜಿಗಿದರು. ಹಿಂದೆ ಕವಲಿನ ನೀರಿತ್ತು. ಧಡಕ್ಕನೆ ಅಂಗಾತ ಬಿದ್ದು, ತಲೆಯವರೆಗೂ ಮುಳುಗಿ, "ತೋಬಾ ತೋಬಾ" ಎನ್ನುತ್ತ ಎದ್ದರು.

ನೀರು ಮೊಣಕಾಲಷ್ಟೇ ಇತ್ತು. ಮೊಟ್ಟೆಗಳಿಗೆ ಏನೂ ಆಗಿರಲಿಲ್ಲ. ಪುಣ್ಯಕ್ಕೆ ಮಹಬೂಬ್ ಬೀ ಬಗ್ಗಿದ ತಲೆ ಎತ್ತಿರಲಿಲ್ಲ. ಸಾಬರು ಗಡಿಬಿಡಿಯಿಂದ ದಂಡೆಗೆ ಬಂದು ಟೋಪಿ ಹಿಂಡಿದರು. ಎಡಗಿವಿಯಲ್ಲಿ ನೀರು ತುಂಬಿ ತಲೆಯ ಆ ಬದಿ ಹೊಂಡದಂತಾಗಿತ್ತು. ಹೊಳೆದಂಡೆಯಲ್ಲಿ ಬೆಳೆದ ಎಲ್ಲರಿಗೂ ಇದಕ್ಕೆ ಒಂದೇ ಉಪಾಯ ಗೊತ್ತು. ತಲೆಯನ್ನು ಎಡಕ್ಕೆ ವಾಲಿಸಿ, ಎಡಗಾಲಿನ ಮೇಲೆ ಕುಪ್ಪಳಿಸತೊಡಗಿದರು. ಬಿಳಿ ಗಡ್ಡದ ಮನುಷ್ಯ, ಮಸೀದಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು, ಒದ್ದೆ ಪೈಜಾಮ ಎತ್ತಿಹಿಡಿದು ಒಂಟಿಕಾಲಿನಲ್ಲಿ ಕುಣಿಯುತ್ತಿದ್ದರೆ ಟಿಟ್ಟಿಭ ಸುಮ್ಮನಿದ್ದೀತೆ? ಅದು ತಲೆಯ ಮೇಲೆ ಸುತ್ತು ಹಾಕುತ್ತ ಬೈಯುತ್ತಲೇ ಇತ್ತು.

ಬೆಚ್ಚಗಿನ ನೀರು ಕಿವಿಯಿಂದ ಕೆಳಗಿಳಿಯಿತು. ಅದರ ಹಿಂದೆ ಏನೋ ಮೆತ್ತಗೆ ಕಿವಿಯ ಬಾಯಿಗೆ ಬಂದು ಕೂತಿತು. ಹುಳವೋ ಏನೋ ಎಂದು ಹೆದರಿ ಎರಡು ಬೆರಳಲ್ಲಿ ಹಿಡಿದು ಎಳೆದರು.

ಹತ್ತಿ. ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಹುಣಸೆ ಬೀಜದಷ್ಟಾದ ಹತ್ತಿಯ ಉಂಡೆ. ಮೂಗಿಗೆ ಹಿಡಿದರು. ಹೊಳೆಯ ನೀರು, ಕಿವಿಯ ಕೊಳೆ, ಎಲ್ಲದರ ಹಿಂದೆ ಎಲ್ಲೋ ಸಣ್ಣಗೆ ಗುಲಾಬಿ ಅತ್ತರಿನ ವಾಸನೆ.

ಹಸನ್ ಸಾಬರು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು. ಬಕ್ರೀದಿನ ಬೆಳಿಗ್ಗೆ ಈದ್ಗಾಕ್ಕೆ ಹೊರಟಾಗ ಅತ್ತರು ಅದ್ದಿದ ಹತ್ತಿಯನ್ನು ಎಡಗಿವಿಗೆ ಇಡಿಸಿಕೊಂಡಿದ್ದರು. ನಮಾಜು ಮುಗಿಸಿ ಬರುವಷ್ಟರಲ್ಲಿ ಯಾರೋ ಎಂಜಿನ್ನೊಂದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಅಂಗಡಿಯ ಮುಂದೆ ನಿಂತಿದ್ದರು. ಹೊಸ ಬಟ್ಟೆಯಲ್ಲೇ, ಹತ್ತಿ ಇದ್ದ ಕಿವಿಗೇ, ತಾವೇ ಹೆರೆದು ಸಪೂರ ಮಾಡಿದ ಆ ಹಿಡಿಯನ್ನು ಒತ್ತಿ ಕೇಳಿದ್ದರು. ಕೇಳಿದ್ದೇನು ಬಂತು, ಬಂದೂಕಿಗೆ ಮದ್ದು ತುಂಬಿದ ಹಾಗೆ ಹತ್ತಿಯನ್ನು ಒಳಕ್ಕೆ ಜಡಿದಿದ್ದರು. ಆಮೇಲೆ ದಿನಕ್ಕೆ ಐದು ಹೊತ್ತು ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವಾಗ ಒದ್ದೆ ಬೆರಳು ಕಿವಿಗೆ ಹಾಕಿ ಹಾಕಿ ಮತ್ತಷ್ಟು ಒಳಕ್ಕೆ ಕಳಿಸಿದ್ದರು. ಕಿವುಡೂ ಇಲ್ಲ, ಮುಪ್ಪೂ ಇಲ್ಲ, ಉಸ್ತಾದರ ಸ್ಟೂಲೂ ಇಲ್ಲ!

ಮತ್ತು ಆ ಸದ್ದು! ಅಬ್ಬಬ್ಬಾ, ಇಷ್ಟು ಸದ್ದಿತ್ತೆ ಈ ಬಯಲಿನಲ್ಲಿ? ಟಿಟ್ಟಿಭದ ಕೂಗು ಎಡಕ್ಕಿದ್ದರೆ ಎಡಕ್ಕೆ, ಬಲಕ್ಕಿದ್ದರೆ ಬಲಕ್ಕೆ ಸರಿಯಾಗಿ ಕೇಳಿಸುತ್ತಿತ್ತು. ನೆಲಗುಬ್ಬಿಯೊಂದು ಆಕಾಶಕ್ಕೆ ಏರುತ್ತ ಉಸಿರು ತೆಗೆದುಕೊಳ್ಳದೆ ಹಾಡುತ್ತಿತ್ತು. ಹುಲ್ಲಿನೊಳಗೆ ಮಿಡತೆಗಳು ಕಿರ್ರೆನ್ನುತ್ತಿದ್ದವು. ವಿಷ್ಣುಕ್ರಾಂತಿಯ ಮೇಲೆ ಕೂತ ಜೇನುನೊಣದ ಗುಂಯ್‌ಗುಟ್ಟುವಿಕೆ ಕೂಡ ಬೇರೆಯಾಗಿ ಕೇಳಿಸಿತು. ದೂರದ ಬಂಡೆಯ ಮೇಲೆ ನೀರುನಾಯಿಗಳು, ಹೌದಲ್ಲ, ಸೀಟಿ ಹೊಡೆದ ಹಾಗೇ ಒದರುತ್ತಿದ್ದವು. ಹಸನ್ ಸಾಬರಿಗೆ ನಗು ಬಂತು. ನಗುನಗುತ್ತಲೇ ಅಳು ಬಂತು. ಹೋದ ಜೀವ ಬಂದಂತಾಗಿ, ಒದ್ದೆ ಗಡ್ಡ ಒರೆಸಿಕೊಳ್ಳುತ್ತ, "ಅಲ್‌ಹಮ್ದುಲಿಲ್ಲಾ" ಎಂದು ಗಟ್ಟಿಯಾಗಿ ಹೇಳಿ, ತಮ್ಮ ದನಿಯನ್ನು ತಾವೇ ಎರಡೂ ಕಿವಿಯಲ್ಲಿ ಕೇಳಿದರು.

ಹತ್ತಿಯನ್ನು ಅಂಗಿಯ ಜೇಬಿಗೆ ಹಾಕಿ, ಹೆಂಡತಿಗೆ ಹೇಳಬೇಕೆಂದು ಎದ್ದರು. ಆಕೆಯೇ ಚೀಲದ ತುಂಬ ಸೊಪ್ಪು ತುಂಬಿಕೊಂಡು ಬಂದಳು. ಗಂಡನನ್ನು ನೋಡಿ ನಿಂತುಬಿಟ್ಟಳು.

"ಇದೇನ್ರಿ ಅವತಾರ? ಎಂಜಿನ್ ನೋಡಾಕ ಬಂದ್ರೋ, ಮೀನು ಹಿಡ್ಯಾಕ ಬಂದ್ರೋ?"

"ಕಾಲು ಜಾರಿತು. ಒಂದು ಮಾತು ಹೇಳಬೇಕು, ಕೇಳು..."

"ಕೇಳೋದೇನೈತಿ? ನಡೀರಿ, ಬಿಸಲಾಗ ಒಣಗ್ತೀರಿ. ಕೂಸಿಗಿಂತ ಕಡಿ ಆದ್ರಿ." ಸೆರಗಿನಿಂದ ಅವರ ತಲೆ ಒರೆಸಿ, ಅವರ ಬಾಯಿಯಿಂದ ಮಾತು ಹೊರಡುವ ಮೊದಲೇ ಎಡಬದಿಗೆ ಸರಿದು ನಡೆಯತೊಡಗಿದಳು.

ಸರಿ, ನಾಲ್ಕು ಹೆಜ್ಜೆ ಆದಮೇಲೆ ಹೇಳೋಣ ಎಂದುಕೊಂಡರು ಹಸನ್ ಸಾಬರು. ಆಗ ಎಡಗಿವಿಗೆ ಒಂದು ಪಿಸುದನಿ ಬಿತ್ತು.

"ಯಾ ಅಲ್ಲಾ, ಈಗ ನೀರಾಗೂ ಬಿದ್ರು. ಟಿಟ್ಟಿಭ ಅಷ್ಟು ಒದರೋದು ನನಗ ಅಲ್ಲಿಗೆ ಕೇಳಿಸ್ತು, ಇವ್ರಿಗೆ ಕೇಳಿಸಿಲ್ಲ. ಬಕ್ರೀದ್ ಆದ ವಾರಕ್ಕ ನನಗ ಗೊತ್ತಾಗೈತಿ, ಎಡಗಿವಿ ಹೋಗೈತಿ ಅಂತ. ನನಗ ಹೇಳವಲ್ರು. ಹೇಳದಿದ್ರ ಬ್ಯಾಡ. ನೀನಾದ್ರೂ ಕೇಳಿಸ್ಕೋ. ದಿನಾ ಹೇಳಿದ್ದನ್ನ ಇವತ್ತೂ ಹೇಳ್ತೀನಿ. ನನ್ನವು ಎರಡೂ ಕಿವಿ ಗಟ್ಟಿ ಅದಾವ. ಒಂದು ತಗೊಂಡು ಇವ್ರಿಗೆ ಕೊಡು. ನನಗೇನು ಕೇಳೋದೈತಿ? ಕುಕ್ಕರ್ ಸೀಟಿಗೆ ಒಂದು ಸಾಕು. ಎರಡೂ ಬೇಕಂದ್ರ ಎರಡೂ ತಗೋ. ಇವ್ರು ನಾಕು ಮಂದಿ ಮುಂದ ತಲಿ ತಗ್ಗಿಸೋದನ್ನ ಮಾತ್ರ ನನ್ನ ಕಣ್ಣಿಗೆ ತೋರಿಸಬ್ಯಾಡ."

ಹಸನ್ ಸಾಬರ ಕಾಲು ತಾನಾಗಿ ನಡೆಯುತ್ತಿತ್ತು. ಮುನಿಸು ಅಂದುಕೊಂಡಿದ್ದರಲ್ಲ! ಒಂದೂವರೆ ತಿಂಗಳು ಈ ಹೆಂಗಸು ಕೇಳದ ಕಿವಿಯ ಪಕ್ಕ ನಡೆಯುತ್ತ, ಆ ಕಿವಿಗಾಗಿಯೇ ಬೇಡುತ್ತ ಬಂದಿದ್ದಳು. ಇವರು ಪಕ್ಕದಲ್ಲೇ ಇದ್ದುಕೊಂಡು ಒಬ್ಬರೇ ಹೆದರುತ್ತಿದ್ದರು.

"ಕೊಟ್ಟೂರಿಂದ ಬಂದ ರಾತ್ರಿ ಉಣಲಿಲ್ಲ," ಪಿಸುದನಿ ಮುಂದುವರಿಯಿತು. "ಇವತ್ತು ಹಂಗಾಗಬಾರ್ದು ಅಂತ ನಾನು ಬಂದೀನಿ. ಎಂಜಿನ್ನಿಗೆ ಇವ್ರು ಆ ಕೋಲು ಹಚ್ಚಿದ ಕೂಡ್ಲೇ ಹೊಟ್ಟಿ ಹಿಡ್ಕೊಂಡು ಕುಂದ್ರುತೀನಿ. ದವಾಖಾನಿಗೆ ಕರ್ಕೊಂಡು ಹೋಗ್ರಿ ಅಂತೀನಿ. ಸುಳ್ಳಿನ ಪಾಪ ನನ್ನ ತಲಿ ಮ್ಯಾಲ ಇರ್ಲಿ. ಇವ್ರ ತಲಿ ಮ್ಯಾಲ ಹಾಕಬ್ಯಾಡ."

ಈಗ ಏನೆಂದು ಬಾಯಿ ಬಿಡುವುದು? ಕೇಳಿಸಿತು ಅಂದರೆ ಅವಳು ನಾಚಿಕೆಯಿಂದ ನೆಲಕ್ಕಿಳಿದುಹೋಗುತ್ತಾಳೆ. ಮಾತು ಹುಡುಕುತ್ತಿರುವಾಗಲೇ ಎದುರಿಗೆ "ಬರ್ರಿ ಸಾಬ್ರೆ, ಬರ್ರಿ! ಅಕ್ಕಾರೂ ಬಂದಾರಲ್ಲ!" ಎಂದು ಉಜ್ಜಿನಪ್ಪ ಕೂಗಿದ. ಪಿಸುದನಿ ತಟ್ಟನೆ ನಿಂತಿತು.

ಉಜ್ಜಿನಪ್ಪ ನಲವತ್ತರ ಆಸುಪಾಸಿನ, ಅವಸರದ ಮನುಷ್ಯ. ನೀರಿನ ಅಂಚಿನಲ್ಲಿ ಮರದ ದಿಮ್ಮಿಗಳ ಮೇಲೆ ಎಂಜಿನ್ನನ್ನೂ ಪಂಪನ್ನೂ ಜೋಡಿಸಿ ನಿಲ್ಲಿಸಿದ್ದ. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿದ. ಗುಡುಗುಡು ಸದ್ದಿನ ನಡುವೆ ಟಕ್ ಟಕ್ ಟಕ್ ಎಂದು ಏನೋ ಬಡಿಯುತ್ತಿತ್ತು. "ಕೇಳ್ರಿ, ನಿಮ್ಮ ಮಾತಿನ ಮ್ಯಾಲ ನಿಂತೀನಿ. ಸತ್ತೈತಿ ಅಂದ್ರ ಇವತ್ತ ಹೊಸದಕ್ಕ ಹೋಗ್ತೀನಿ!"

ಹಸನ್ ಸಾಬರು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಕಬ್ಬಿಣದ ಮೊನೆಯನ್ನು ಎಂಜಿನ್ನಿಗೆ ಇಟ್ಟರು. ಹಿಡಿ ಕಿವಿಗೆ ಹೋಗುವ ಮೊದಲೇ ಹಿಂದೆ "ಯಾ ಅಲ್ಲಾ, ಸತ್ನೆವ್ವಾ!" ಎಂದು ಮಹಬೂಬ್ ಬೀ ಹೊಟ್ಟೆ ಹಿಡಿದು ಹುಲ್ಲಿನ ಮೇಲೆ ಕೂತಳು. ಚೀಲ ಉರುಳಿ ಸೊಪ್ಪು ಚೆಲ್ಲಿತು. ಎಷ್ಟು ಚೆನ್ನಾಗಿ ನರಳಿದಳೆಂದರೆ, ಮೊದಲೇ ಗೊತ್ತಿದ್ದ ಹಸನ್ ಸಾಬರ ಎದೆಯೂ ಒಂದು ಕ್ಷಣ ಧಸಕ್ಕೆಂದಿತು. ಉಜ್ಜಿನಪ್ಪ ಎಂಜಿನ್ ಆರಿಸಿ, "ಬಂಡಿ ಕಟ್ಟಿಸ್ಲೇನ್ರಿ? ಹಡಗಲಿ ದವಾಖಾನಿಗೆ ಒಯ್ಯೋಣ್ರಿ!" ಎಂದು ಅತ್ತಿಂದಿತ್ತ ಓಡಾಡಿದ.

ಹಸನ್ ಸಾಬರು ಹೆಂಡತಿಯ ಪಕ್ಕ ಮೊಣಕಾಲೂರಿ ಕೂತು, ಅವಳ ಕಿವಿಗೆ ಬಾಯಿ ಹಚ್ಚಿದರು.

"ಏಳು ಮಾಬೂಬಿ. ನಿನ್ನ ಕಿವಿ ನಿನ್ನ ಹತ್ರಾನ ಇರ್ಲಿ. ಕುಕ್ಕರ್ ಸೀಟಿಗೆ ಎರಡೂ ಬೇಕಾಗ್ತಾವ."

ನರಳಾಟ ಅಲ್ಲಿಗೇ ನಿಂತಿತು. ಮಹಬೂಬ್ ಬೀ ಕಣ್ಣು ಅರಳಿಸಿ ಅವರ ಮುಖ ನೋಡಿದಳು. ಆಮೇಲೆ ಅವರ ಎಡಗಿವಿ ನೋಡಿದಳು.

"ಕೇಳಿಸ್ತೇನ್ರಿ?" ಆಕೆ ಪಿಸುಗುಟ್ಟಿದಳು.

"ಕೇಳಿಸ್ತು."

"ಎಲ್ಲಾ?"

"ಪಾಪ ಯಾರ ತಲಿ ಮ್ಯಾಲ ಅನ್ನೋದೂ ಕೇಳಿಸ್ತು."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹಸನ್ ಸಾಬರಿಗೂ ತಿಳಿಯಲಿಲ್ಲ. ನೋವು ಏರಿತೆಂದು ಉಜ್ಜಿನಪ್ಪ ಗಾಬರಿಯಾಗಿ ಬಂಡಿಗೆ ಓಡುತ್ತಿದ್ದಾಗ, ಸೆರಗಿನೊಳಗಿಂದಲೇ ಅವಳು ಕೂಗಿದಳು. "ಬ್ಯಾಡ ತಮ್ಮಾ, ಹೋತು! ನೋವು ಹೋತು!"

"ಇಷ್ಟು ಲಗೂನ?"

"ಗಾಳಿ ಹಿಡದಿತ್ತು. ನೀನು ಎಂಜಿನ್ ಚಾಲೂ ಮಾಡು. ಅವ್ರು ಕೇಳ್ಲಿ."

ಎಂಜಿನ್ ಮತ್ತೆ ಚಾಲೂ ಆಯಿತು. ಹಸನ್ ಸಾಬರು ಹಿಡಿಯನ್ನು ಎಡಗಿವಿಗೆ ಇಟ್ಟು ಕಣ್ಣು ಮುಚ್ಚಿದರು. ಮೊದಲು ಮೇಲುಗಡೆ, ಆಮೇಲೆ ಬುಡಕ್ಕೆ, ಆಮೇಲೆ ಚಕ್ರದ ಬದಿಗೆ. ಎಂಜಿನ್ನು ಹಳೆಯ ಗೆಳೆಯನ ಹಾಗೆ ಎಲ್ಲವನ್ನೂ ಹೇಳಿಕೊಂಡಿತು. ಪಿಸ್ಟನ್ನು ಸುಖವಾಗಿತ್ತು. ವಾಲ್ವುಗಳು ತಾಳ ತಪ್ಪಿರಲಿಲ್ಲ. ಬೇರಿಂಗ್ ಎಣ್ಣೆಯಲ್ಲಿ ನುಣ್ಣಗೆ ಸುತ್ತುತ್ತಿತ್ತು. ಎಂಜಿನ್ನಿನಿಂದ ಪಂಪಿನ ಕಡೆ ಸರಿದಂತೆಲ್ಲ ಟಕ್ ಟಕ್ ದೊಡ್ಡದಾಗುತ್ತ ಬಂತು. ಅವೆರಡನ್ನೂ ಕೂಡಿಸುವ ಜಾಗದ ಹತ್ತಿರ ಮೊನೆ ತಂದಾಗ ಕಿವಿಗೆ ಹೊಡೆದಂತಾಯಿತು. ಹಸನ್ ಸಾಬರು ಕಣ್ಣು ಬಿಟ್ಟು ನಕ್ಕರು.

"ಉಜ್ಜಿನಪ್ಪ, ಎಂಜಿನ್ನಿಗೆ ಏನೂ ಆಗಿಲ್ಲ. ನಮ್ಮಿಬ್ಬರಿಗಿಂತ ಗಟ್ಟಿ ಐತಿ. ಎಂಜಿನ್ನೂ ಪಂಪೂ ಕೂಡೋ ಕಡೆ ರಬ್ಬರ್ ಬುಷ್ ಇರ್ತಾವಲ್ಲ, ಅವು ಸವದಾವ. ಕಬ್ಬಿಣಕ್ಕ ಕಬ್ಬಿಣ ಬಡೀತೈತಿ, ಅಷ್ಟ."

"ಅಷ್ಟೇನ್ರಿ?"

"ಅಷ್ಟ. ಆರಿಸು."

ಬಿಚ್ಚಿ ನೋಡಿದರೆ ರಬ್ಬರು ಹರಿದು ಚಿಂದಿಯಾಗಿತ್ತು. ಹಸನ್ ಸಾಬರು ಚೀಲದಿಂದ ದಪ್ಪ ಟೈರಿನ ತುಂಡೊಂದನ್ನು ತೆಗೆದು, ಕತ್ತರಿಸಿ, ಅಳತೆಗೆ ಕೂರಿಸಿ ಬೋಲ್ಟು ಬಿಗಿದರು. ಈ ಸಲ ಎಂಜಿನ್ ಚಾಲೂ ಆದಾಗ ಗುಡುಗುಡು ಬಿಟ್ಟರೆ ಬೇರೆ ಸದ್ದಿಲ್ಲ. ಪೈಪಿನ ತುದಿಯಿಂದ ನೀರು ಕಾಲುವೆಗೆ ಧುಮುಕಿತು. ಉಜ್ಜಿನಪ್ಪ ಎರಡೂ ಕೈ ಎತ್ತಿ, "ಏನು ಕಿವಿನ್ರಿ ನಿಮ್ಮದು!" ಎಂದ. ಮಹಬೂಬ್ ಬೀ ಹುಲ್ಲಿನ ಮೇಲೆ ಕೂತು ಚೆಲ್ಲಿದ ಸೊಪ್ಪನ್ನು ಆಯ್ದು ಚೀಲಕ್ಕೆ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ. ಆ ಮಾತು ಅವಳಿಗೆ ಕೇಳಿಸಿತೆಂದು ಅವಳ ಮುಖವೇ ಹೇಳುತ್ತಿತ್ತು.

ಹೊರಡುವಾಗ ಬಿಸಿಲು ಬಲಿತಿತ್ತು. ನೀಲಿ ಹೂಗಳು ಮುಚ್ಚಿಕೊಳ್ಳತೊಡಗಿದ್ದವು. ಬಯಲಿನ ನಡುವೆ ಬಂದಮೇಲೆ ಹಸನ್ ಸಾಬರು ಜೇಬಿನಿಂದ ಹತ್ತಿಯ ಉಂಡೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಮಹಬೂಬ್ ಬೀ ಅದನ್ನು ಮೂಸಿ ನೋಡಿದಳು. ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದಮೇಲೆ ನಿಂತಲ್ಲೇ ನಿಂತಳು.

"ಇಟ್ಟಾಕಿ ನೀನ," ಅಂದರು ಸಾಬರು. "ಬಕ್ರೀದ್ ದಿನ ಬಾಗಲದಾಗ ನಿಂದ್ರಿಸಿ ಕಿವಿಯೊಳಗ ಇಟ್ಟಾಕಿ ಯಾರು?"

"ಇಟ್ಟಾಕಿ ನಾನು. ತುರುಕಿದವ್ರು ನೀವು!" ಎಂದು ಉಂಡೆಯನ್ನು ಹೊಳೆಯ ಕಡೆ ಬೀಸಿ ಒಗೆದಳು.

ಮತ್ತೆ ನಡೆಯತೊಡಗಿದಾಗ ಆಕೆ ಬಲಬದಿಗೆ ಬಂದಳು, ತುಟಿ ಬಿಗಿದುಕೊಂಡು. ಎಡಬದಿ ಖಾಲಿಯಾಗಿತ್ತು. ಹಸನ್ ಸಾಬರಿಗೆ ಅದು ತಡೆಯಲಾಗಲಿಲ್ಲ.

"ಯಾಕ, ಈ ಕಡಿ ಬಾ."

"ಒಲ್ಲೆ. ಈಗ ಅದಕ್ಕ ಕೇಳಿಸ್ತೈತಿ."

"ಕೇಳಿಸ್ಲಿ ಅಂತನ ಕರಿಯಾಕತ್ತೀನಿ."

ಅವಳು ಬರಲಿಲ್ಲ. ಹಸನ್ ಸಾಬರೇ ಹಿಂದಿನಿಂದ ಸುತ್ತಿ ಬಂದು, ತಮ್ಮ ಎಡಗಿವಿ ಅವಳ ಕಡೆ ಇರುವ ಹಾಗೆ ಅವಳ ಬಲಕ್ಕೆ ಸೇರಿಕೊಂಡರು. "ಹೇಳು, ಮಾಬೂಬಿ. ಏನಾರ ಹೇಳು."

ಆಕೆ ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. ಆಮೇಲೆ ಶುರು ಮಾಡಿದಳು. ಮುಚ್ಚಿಟ್ಟದ್ದಕ್ಕೆ ಬೈದಳು, ಉಣ್ಣದೆ ಮಲಗಿದ ರಾತ್ರಿಗೆ ಬೈದಳು, ಡಾಕ್ಟರ ಹತ್ತಿರ ಹೋಗದ ಮೊಂಡುತನಕ್ಕೆ ಬೈದಳು, ತನ್ನನ್ನು ಒಂದೂವರೆ ತಿಂಗಳು ಒಳಗೊಳಗೇ ಅಳಿಸಿದ್ದಕ್ಕೆ ಗಟ್ಟಿ ದನಿಯಲ್ಲಿ, ನೀರಿನ ಮೇಲಿನ ಹಕ್ಕಿಗಳು ಎದ್ದು ಹಾರುವ ಹಾಗೆ ಬೈದಳು. ಮಾಗಳದ ದಿಬ್ಬ ಹತ್ತುವವರೆಗೂ ಬೈಗುಳ ಮುಗಿಯಲಿಲ್ಲ. ಹಸನ್ ಸಾಬರು ತಲೆಯನ್ನು ಅವಳ ಕಡೆ ವಾಲಿಸಿಕೊಂಡು, ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡರು.